ಕಾಂತೊರ್ ಅವರ ‘ಸತ್ತ ತರಗತಿ’ಯಲ್ಲಿ ಯುದ್ಧ ಎಲ್ಲಿದೆ?

ರಂಗದಹುಚ್ಚು:
ಪೋಲೆಂಡಿನ ರಂಗನಿರ್ದೇಶಕ ತಾದೆಉಷ್ ಕಾಂತೊರ್ ಅವರ ನಾಟಕ ‘ಸತ್ತ ತರಗತಿ’ ನೋಡಿದೆ, ಸಿನಿಮಾ ನಿರ್ದೇಶಕ ಆಂಜೆ ವೈದಾ ಚಿತ್ರೀಕರಿಸಿದ್ದು. ಕರಿ ಬಟ್ಟೆ ಹಾಕಿದ ಮುದುಕರು ಹಳೇ ಶಾಲೆ ಬೆಂಚುಗಳ ಮೇಲೆ ಕೂತಿರುತ್ತಾರೆ. ಬೆರಳೆತ್ತಿ ಹೊರಗೆ ಹೋಗೋಕೆ ಕೇಳುತ್ತಾರೆ, ಹೋಗುತ್ತಾರೆ, ವಾಪಸ್ ಬರುವಾಗ ಬೆನ್ನ ಮೇಲೆ ಮಗುವಿನ ಗೊಂಬೆ ಹೊತ್ತಿರುತ್ತಾರೆ. ಆಮೇಲೆ ಒಂದು ವಾಲ್ಟ್ಜ್, ಗಲಾಟೆ, ತಲೆಬುಡ ಇಲ್ಲದ ಪಾಠ. ಇದು ಯುದ್ಧದ ಗಾಯ, ಇಡೀ ಜನಾಂಗದ ನೆನಪು ಅಂತ ಎಲ್ಲಾ ಕಡೆ ಬರೆದಿದ್ದಾರೆ. ನನಗೆ ಒಬ್ಬ ಜರ್ಮನ್ ಸೈನಿಕನೂ ಕಾಣಲಿಲ್ಲ. ವಿಮರ್ಶಕರು ಹೇಳಿದ್ದನ್ನೇ ಎಲ್ಲರೂ ಸುಮ್ನೆ ಹೇಳುತ್ತಿದ್ದಾರಾ, ಅಥವಾ ನನಗೇ ತಪ್ಪಿಹೋಯಿತಾ?

ಮೂರನೇಗಂಟೆ:
ಶಾಲೆಯ ಜವಾನ ನೆನಪಿದ್ದಾನಾ? ಅವನು ಪೇಪರ್ ಓದುತ್ತಾನೆ. ಸರಾಯೆವೊದಲ್ಲಿ ಆಸ್ಟ್ರಿಯಾದ ರಾಜಕುಮಾರನ ಕೊಲೆಯಾದ ಸುದ್ದಿ ಅದು, ಅಂದರೆ 1914. ಆಮೇಲೆ ಎದ್ದು ನಿಂತು, ಈಗ ಇಲ್ಲದೇ ಹೋದ ಆಸ್ಟ್ರಿಯಾ ಸಾಮ್ರಾಜ್ಯದ ರಾಷ್ಟ್ರಗೀತೆ ಹಾಡುತ್ತಾನೆ. ಯುದ್ಧ ಅಲ್ಲಿಂದ ಶುರು. ಬೆಂಚಿನಲ್ಲಿ ಕೂತಿರೋ ಮಕ್ಕಳಿಗೆ ಮುಂದೆ ಏನಾಗುತ್ತೆ ಅಂತ ನೋಡುವವರಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. 1975ರಲ್ಲಿ ಕ್ರಾಕೋವ್‌ನ ಒಂದು ನೆಲಮಾಳಿಗೆ ಗ್ಯಾಲರಿಯಲ್ಲಿ ಇದನ್ನು ನೋಡಿದ ಜನಕ್ಕೆ ಬಂದೂಕು ತೋರಿಸಬೇಕಾಗಿರಲಿಲ್ಲ.

ಕಾಂತೊರ್ ಹುಟ್ಟಿದ್ದು 1915ರಲ್ಲಿ, ವಿಯೆಲೊಪೊಲೆ ಅನ್ನೋ ಸಣ್ಣ ಊರಲ್ಲಿ. ಅಪ್ಪ ಮೊದಲ ಯುದ್ಧಕ್ಕೆ ಹೋದವನು ಮನೆಗೆ ವಾಪಸ್ ಬರಲೇ ಇಲ್ಲ, ಕೊನೆಗೆ ಸತ್ತಿದ್ದು 1942ರಲ್ಲಿ ಆಶ್ವಿಟ್ಜ್ ಅನ್ನೋ ನಾಜಿ ಕ್ಯಾಂಪಿನಲ್ಲಿ. 1944ರಲ್ಲಿ, ಜರ್ಮನರು ಊರಲ್ಲೇ ಇರುವಾಗ, ಸಿಕ್ಕಿಬಿದ್ದರೆ ಕ್ಯಾಂಪೇ ಗತಿ ಅನ್ನೋ ಕಾಲದಲ್ಲಿ, ಕಾಂತೊರ್ ಕದ್ದುಮುಚ್ಚಿ ‘ಒಡಿಸ್ಯೂಸ್‌ನ ಮರಳುವಿಕೆ’ ಆಡಿಸಿದರು. ಬಾಂಬಿಗೆ ಸಿಕ್ಕ ಮನೆಯ ಕೋಣೆ, ಕೊಳೆತ ಹಲಗೆ, ಕೆಸರು ಮೆತ್ತಿದ ಗಾಡಿಚಕ್ರ. ನಾಯಕ ಬರೋದು ಜರ್ಮನ್ ಸೈನಿಕನ ವೇಷದಲ್ಲಿ. ನಟನೆಯ ಸಾಮಾನು ಅಂತ ಬೇರೆ ತರಲೇ ಇಲ್ಲ, ಸುತ್ತ ಬಿದ್ದಿದ್ದನ್ನೇ ಎತ್ತಿ ತಂದರು. ಮುಂದೆ ಜೀವನವಿಡೀ ಅದನ್ನೇ ಮಾಡಿದ್ದು.

ನಿಮಗೆ ಬಂದೂಕೇ ಬೇಕು ಅಂದರೆ 1980ರ ‘ವಿಯೆಲೊಪೊಲೆ, ವಿಯೆಲೊಪೊಲೆ’ ನೋಡಿ. ಹೊಸದಾಗಿ ಸೇನೆಗೆ ಸೇರಿದವರು ಗ್ರೂಪ್ ಫೋಟೋಗೆ ನಿಂತಿರುತ್ತಾರೆ, ಫೋಟೋ ತೆಗೆಯೋಕೆ ಊರಿನ ಸ್ಟುಡಿಯೋದವನ ವಿಧವೆ ಕ್ಯಾಮೆರಾ ತರುತ್ತಾಳೆ. ಅದೇ ಕ್ಯಾಮೆರಾ ಮೆಷಿನ್ ಗನ್ ಆಗುತ್ತೆ.

ಬಯಲಾಟ_ಬಸ್ಯಾ:
ಗುರು, ಪೋಲೆಂಡಿನ ಇನ್ನೊಬ್ಬ ನಿರ್ದೇಶಕ ಗ್ರೊಟೊವ್‌ಸ್ಕಿಯನ್ನು ಬಿಟ್ಟು ಈ ಮಾತು ಪೂರ್ತಿಯಾಗಲ್ಲ. 1962ರ ‘ಅಕ್ರೊಪೊಲಿಸ್’. ಮೂಲ ನಾಟಕ ವಿಸ್ಪಿಯಾನ್‌ಸ್ಕಿಯದು. ಅದರಲ್ಲಿ ಈಸ್ಟರ್ ಹಿಂದಿನ ರಾತ್ರಿ ಕ್ರಾಕೋವ್‌ನ ವಾವೆಲ್ ಚರ್ಚಿನ ಪ್ರತಿಮೆಗಳಿಗೆ ಜೀವ ಬರುತ್ತೆ. ಗ್ರೊಟೊವ್‌ಸ್ಕಿ ಮಾತುಗಳನ್ನು ಬಹುಪಾಲು ಹಾಗೇ ಇಟ್ಟು ಜಾಗ ಮಾತ್ರ ಬದಲಾಯಿಸಿದರು: ಚರ್ಚು ಹೋಗಿ ಆಶ್ವಿಟ್ಜ್. ಜೊತೆಗಿದ್ದವರು ಯೂಸೆಫ್ ಷೈನಾ, ಸ್ವತಃ ಆಶ್ವಿಟ್ಜ್ ಕೈದಿಯಾಗಿದ್ದವರು. ನಟರಿಗೆ ತೂತುಬಿದ್ದ ಗೋಣಿಚೀಲ, ಮರದ ಬೂಟು. ಯಾಕೋಬನ ಮದುವೆ ನಡೆಯುತ್ತೆ, ವಧುವಿನ ಜಾಗದಲ್ಲಿ ಒಲೆಯ ಹೊಗೆ ಕೊಳವೆ. ಮದುವೆ ದಿಬ್ಬಣ ನಿಜವಾಗಿಯೂ ಹಾಡುತ್ತಾ ಹೋಗುತ್ತೆ! ಆಟ ನಡೀತಾ ನಡೀತಾ ನಟರು ಅದೇ ಕೊಳವೆಗಳನ್ನು ಪ್ರೇಕ್ಷಕರ ಸುತ್ತ, ತಲೆ ಮೇಲೆ ಜೋಡಿಸುತ್ತಾ ಹೋಗುತ್ತಾರೆ. ಕೊನೆಗೆ ತಲೆಯಿಲ್ಲದ ಒಂದು ಗೊಂಬೆಯನ್ನು ದೇವರು ಅಂತ ಎತ್ತಿಕೊಂಡು, ಕುಣಿಯುತ್ತಾ ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳುತ್ತಾರೆ. ಇಡೀ ನಾಟಕದಲ್ಲಿ ಪ್ರೇಕ್ಷಕರ ಕಡೆ ತಿರುಗಿ ಒಂದು ಮಾತಿಲ್ಲ. ಅವರು ಸತ್ತವರು, ನಾವು ಬದುಕಿದವರು, ನಮಗೂ ಅವರಿಗೂ ಮಾತುಕತೆ ಇಲ್ಲ. ಅಳೋಕೂ ಬಿಡಲ್ಲ ಅವರು.

ಕಮಲತ್ತೆ:
ಸತ್ತವರನ್ನು ಕರೆಯೋದು ಅವರ ರಂಗಭೂಮಿಯಲ್ಲಿ ಹಳೇದು. ಕವಿ ಮಿತ್ಸ್ಕಿಯೆವಿಚ್‌ನ ನಾಟಕ ‘ಜಾದಿ’ ಇರೋದೇ ಅಂಥ ಆಚರಣೆ ಮೇಲೆ. ನಮ್ಮಲ್ಲಿ ಮಹಾಲಯಕ್ಕೆ ಎಡೆ ಇಡುತ್ತೇವಲ್ಲ, ಹಾಗೆ ಹಳ್ಳಿಯವರು ಸೇರಿ ಸತ್ತವರಿಗೆ ಊಟ ಇಟ್ಟು ಕರೆಯುತ್ತಾರೆ. 1968ರಲ್ಲಿ ಸರ್ಕಾರ ವಾರ್ಸಾದಲ್ಲಿ ಅದರ ಪ್ರದರ್ಶನ ನಿಲ್ಲಿಸಿದಾಗ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಅದನ್ನೇ ನೆಪ ಮಾಡಿಕೊಂಡು ಸರ್ಕಾರ ಯಹೂದಿಗಳ ಮೇಲೆ ತಿರುಗಿಬಿತ್ತು, ಸಾವಿರಾರು ಜನ ದೇಶ ಬಿಟ್ಟರು.

ನಿದ್ದೆಗೇಡಿ:
ಎಲ್ಲಾ ಸರಿ, ಆದರೆ ಒಂದು ತಕರಾರು. ಯಾವ ಸತ್ತವರು? ಕಾಂತೊರ್ ತರಗತಿಯಲ್ಲಿ ಯಾರು ಯಹೂದಿ, ಯಾರು ಅಲ್ಲ ಅಂತ ಯಾರೂ ಬಿಡಿಸಿ ಹೇಳಲ್ಲ. ‘ಅಕ್ರೊಪೊಲಿಸ್’ನಲ್ಲೂ ಕೈದಿಗಳೆಲ್ಲ ಸುಮ್ನೆ ‘ಮನುಷ್ಯರು’. ಪೋಲೆಂಡಿನ ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೂ ಬೇಕಾಗಿದ್ದು ಅದೇ: ಎಲ್ಲರೂ ಫ್ಯಾಸಿಸಂಗೆ ಬಲಿಯಾದವರು, ಅಷ್ಟೇ. ರೂಪಕ ಚೆನ್ನಾಗಿದ್ದಷ್ಟೂ ತಪ್ಪಿಸಿಕೊಳ್ಳೋದು ಸುಲಭ, ಅಲ್ವಾ?

ಪೋಲೆಂಡಿನ ಯೆದ್ವಾಬ್ನೆ ಅನ್ನೋ ಊರಲ್ಲಿ 1941ರ ಜುಲೈ 10ರಂದು ಯಹೂದಿಗಳನ್ನು ಕಣಜದಲ್ಲಿ ಕೂಡಿಹಾಕಿ ಸುಟ್ಟರು. ಅಲ್ಲಿದ್ದ ಸ್ಮಾರಕದ ಕಲ್ಲಿನ ಮೇಲೆ ಜರ್ಮನ್ ಪೊಲೀಸರು ಕೊಂದರು ಅಂತ ಕೆತ್ತಿತ್ತು. ಕೈ ಹಾಕಿದ್ದು ಅಕ್ಕಪಕ್ಕದ ಮನೆಯವರೇ ಅಂತ ಇತಿಹಾಸಕಾರ ಯಾನ್ ಗ್ರಾಸ್ 2000ದಲ್ಲಿ ಬರೆದ ಮೇಲೆ ದೇಶವೇ ಅಲ್ಲಾಡಿತು, 2001ರಲ್ಲಿ ಆ ಕಲ್ಲು ತೆಗೆದರು. ಆಮೇಲೆ ಬಂದಿದ್ದು ತಾದೆಉಷ್ ಸ್ಲೊಬೊಜಾನೆಕ್ ಅವರ ನಾಟಕ ‘ನಮ್ಮ ತರಗತಿ’. ಒಂದೇ ಕ್ಲಾಸಿನ ಹತ್ತು ಮಕ್ಕಳು, ಯಹೂದಿಗಳೂ ಕ್ಯಾಥೊಲಿಕ್ಕರೂ. ಯಾರು ಯಾರಿಗೆ ಏನು ಮಾಡಿದರು ಅಂತ ಹೆಸರು ಹಿಡಿದು ಹೇಳುತ್ತಾರೆ. ಮೊದಲು ರಂಗಕ್ಕೆ ಬಂದಿದ್ದು ಪೋಲೆಂಡಿನಲ್ಲಲ್ಲ, 2009ರಲ್ಲಿ ಲಂಡನ್ನಿನಲ್ಲಿ. ಬೆಂಚು ಅದೇ, ಆದರೆ ಈ ಸಲ ಹಾಜರಿ ಕರೆದರು.

ಮೂರನೇಗಂಟೆ:
ಅರ್ಧ ಒಪ್ಪುತ್ತೇನೆ. ‘ವಿಯೆಲೊಪೊಲೆ’ಯಲ್ಲಿ ಸತ್ತ ಪಾದ್ರಿ ಹತ್ತಿರ ಒಬ್ಬ ಪುಟ್ಟ ರಬ್ಬಿ (ಯಹೂದಿ ಧರ್ಮಗುರು) ಬಂದು ಹಾಡುತ್ತಾನೆ. ಸೈನಿಕರು ಗುಂಡು ಹೊಡೆಯುತ್ತಾರೆ, ಬೀಳುತ್ತಾನೆ. ಎದ್ದು ಮತ್ತೆ ಹಾಡುತ್ತಾನೆ, ಮತ್ತೆ ಹೊಡೆಯುತ್ತಾರೆ. ಕಾಂತೊರ್ ಏನೂ ಹೇಳಲೇ ಇಲ್ಲ ಅನ್ನೋದು ಜಾಸ್ತಿಯಾಯಿತು. ಮತ್ತೆ ‘ನಮ್ಮ ತರಗತಿ’ ಎಲ್ಲವನ್ನೂ ಬಾಯಲ್ಲೇ ಹೇಳಿಬಿಡುತ್ತೆ, ನೋಡುವವನಿಗೆ ಕೆಲಸ ಕಡಿಮೆ.

ನಿದ್ದೆಗೇಡಿ:
ಅಲ್ಲಿ ಗುಂಡು ಹೊಡೆಯುವವರು ಸೈನಿಕರು. ಕಣಜಕ್ಕೆ ಬೆಂಕಿ ಇಟ್ಟವರು ಪಕ್ಕದ ಬೆಂಚಿನವರು. ನಾನು ಹೇಳುತ್ತಿರೋ ವ್ಯತ್ಯಾಸ ಅದು.

ರಂಗದಹುಚ್ಚು:
ಜಗಳ ಮುಂದುವರಿಸಿ, ನನಗೆ ಲಾಭವೇ. ಜವಾನನ ಪೇಪರ್ ದೃಶ್ಯ ಮತ್ತೆ ಹಾಕಿ ನೋಡಿದೆ, ಸಬ್‌ಟೈಟಲ್ ಇಲ್ಲದೆ ಅದು ಪೂರ್ತಿ ಹಾರಿಹೋಗಿತ್ತು. ‘ಅಕ್ರೊಪೊಲಿಸ್’ ರೆಕಾರ್ಡಿಂಗ್ ಇದೆಯಾ?

ಬಯಲಾಟ_ಬಸ್ಯಾ:
ಇದೆ, 1968ರದ್ದು, ಕಪ್ಪುಬಿಳುಪು. ಶುರುವಿನಲ್ಲಿ ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ ಮಾತಾಡುತ್ತಾರೆ, ಅದನ್ನು ಓಡಿಸಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಆ ಮರದ ಬೂಟಿನ ಸದ್ದು ಮೊಬೈಲ್ ಸ್ಪೀಕರಿನಲ್ಲಿ ಏನೂ ಗೊತ್ತಾಗಲ್ಲ.