ಒಂದೇ ಥಾನಿನ ಕಾಟನ್, ಫಿನಿಶಿಂಗ್ ಆದಮ್ಯಾಲ ಎರಡು ಬಣ್ಣ ಯಾಕ್ರಿ?

ಹೊಲಿಗಿ_ಅಕ್ಕ_ಕಲಬುರಗಿ:
ನಮಸ್ಕಾರ್ರಿ. ಸೂಪರ್ ಮಾರ್ಕೆಟ್ ಹತ್ರ ನಂದು ಸಣ್ಣ ಹೊಲಿಗಿ ಅಂಗಡಿ ಅದ. ನವಿಲು ನೀಲಿ ಕಾಟನ್ ಥಾನ್ ತಂದು ಅರ್ಧ ಅರಿವಿಗಿ ಸುಕ್ಕು ಬೀಳಬಾರ್ದಂತ ಸೊಲ್ಲಾಪುರ ಕಡಿ ಕೊಟ್ಟು ರಿಂಕಲ್ ಫ್ರೀ ಮಾಡಿಸಿದೆ, ಇನ್ನರ್ಧ ಹಂಗೇ ಇಟ್ಟೆ. ಈಗ ಫಿನಿಶ್ ಮಾಡಿಸಿದ ಕುರ್ತಾದ ಅರಿವಿ ಹಸಿರು ಹೊಡಿಲಾಕತ್ತದ, ಹಂಗೇ ಇಟ್ಟ ಪ್ಯಾಂಟಿನ ಅರಿವಿ ನೀಲಿನೇ ಅದ. ಲಗ್ನದ ಆರ್ಡರ್ ರೀ, ಭಾಳ ಚಿಂತಿ ಆಗ್ಯದ. ಡೈ ತಪ್ಪೋ ಫಿನಿಶಿಂಗ್ ತಪ್ಪೋ?

ಡೈಯಿಂಗ್_ಮಾಸ್ಟರ್_ಬೀದರ್:
ಅಕ್ಕಾರ, ಇಬ್ಬರದೂ ತಪ್ಪಿಲ್ಲ, ಶೇಡ್ ಮ್ಯಾಚ್, ಅಂದ್ರ ಎರಡೂ ಬಣ್ಣ ಕೂಡ್ತಾವೋ ಇಲ್ಲೋ ಅಂತ ನೋಡಿದ ಟೈಮ್ ತಪ್ಪು. ರಿಂಕಲ್ ಫ್ರೀ ಅಂದ್ರ ರೆಸಿನ್ (ಸುಕ್ಕು ಬೀಳದಂಗ ನೂಲು ಹಿಡಿಯೋ ರಾಸಾಯನಿಕ) ಹಚ್ಚಿ, ಅದು ಜಲ್ದಿ ಹಿಡೀಲಿ ಅಂತ ಮೆಗ್ನೀಶಿಯಂ ಕ್ಲೋರೈಡ್‌ದಂಥ ಹುಳಿ ಗುಣದ ಕ್ಯಾಟಲಿಸ್ಟ್ ಹಾಕಿ 150-170 ಡಿಗ್ರಿ ಕಾವಿನಾಗ ಕ್ಯೂರ್ ಮಾಡ್ತಾರ, ಅಂದ್ರ ಕಾಸಿ ಗಟ್ಟಿ ಕೂಡಸ್ತಾರ, ಆ ಕಾವು ಆ ಹುಳಿ ಎರಡೂ ತಡಕೊಳ್ಳೋ ಶಕ್ತಿ ಎಲ್ಲಾ ಡೈಗೂ ಇರಲ್ಲ, ಅದ್ರಾಗ ಎರಡು ಮೂರು ಡೈ ಕೂಡಿಸಿ ಮಾಡಿದ ಬಣ್ಣ ಇದ್ರ ಒಂದು ಹೆಚ್ಚು ಕೆಡ್ತದ ಒಂದು ಕಮ್ಮಿ, ಹಂಗಾಗಿ ಬಣ್ಣ ಒಂದು ಕಡಿ ವಾಲ್ತದ. ಮ್ಯಾಲ ಸಿಲಿಕಾನ್ ಸಾಫ್ಟ್ನರ್ ಹಾಕಿದ್ರ ಬಣ್ಣ ಇನ್ನೂ ಗಾಢ ಕಾಣ್ತದ, ಅರಿವಿ ತೊಯ್ದಾಗ ಕಪ್ಪಾಗಿ ಕಾಣಂಗಿಲ್ಲಾ, ಹಂಗೇ. ಮೊದ್ಲು ಒಂದು ಗೇಣು ತುಂಡಿಗಿ ಫಿನಿಶ್ ಮಾಡಿಸಿ ನೋಡಬೇಕಿತ್ರಿ.

ಯಾದಗಿರಿ_ಕಾಟನ್:
ಇನ್ನೊಂದು ಮಾತು. ಬಣ್ಣ ಬಿಡಬಾರ್ದಂತ ಫಿಕ್ಸರ್ ಹಾಕಸ್ತಾರಲ್ಲ, ತೊಳದಾಗ ಬಣ್ಣ ನಿಲ್ತದ ಖರೆ, ಆದ್ರ ಭಾಳ ಡೈಗಳಿಗಿ ಬಿಸಿಲು ತಡಿಯೋ ಶಕ್ತಿ ಕಮ್ಮಿ ಆಗ್ತದ, ನಮ್ಮ ಏಪ್ರಿಲ್ ಬಿಸಿಲಿಗಿ ಮಾಳಿಗಿ ಮ್ಯಾಲ ದಿನಾ ಒಣಗಿಸಿದ್ರ ಮುಗೀತು. ಒಳಮೈ ಹೊರಗ ಮಾಡಿ ನೆರಳಾಗ ಒಣಗಸ್ರಿ. ಬಿಳಿ ಅರಿವಿಗಿ ರೆಸಿನ್ ಇದ್ರ ಬ್ಲೀಚಿಂಗ್ ಪೌಡರ್ ಮುಟ್ಟಿಸಲೇಬ್ಯಾಡ್ರಿ, ಕೆಲವು ರೆಸಿನ್ ಕ್ಲೋರಿನ್ ಹಿಡಕೊಂತಾವ, ಇಸ್ತ್ರಿ ಹೊಡದಾಗ ಹಳದಿ ಆಗಿ ನೂಲೇ ಸಡ್ಲ ಆಗ್ತದ.

ಹೊಲಿಗಿ_ಅಕ್ಕ_ಕಲಬುರಗಿ:
ಥ್ಯಾಂಕ್ಸ್ ಅಣ್ಣಾರ. ಪ್ಯಾಂಟಿನ ಅರಿವಿ ಇನ್ನೂ ಕತ್ತರಿಸಿಲ್ರಿ, ಅದಕ್ಕೂ ಅದೇ ಫಿನಿಶ್ ಕೊಡಿಸಿದ್ರ ಕೂಡ್ತದೇನ್ರಿ?

ಡೈಯಿಂಗ್_ಮಾಸ್ಟರ್_ಬೀದರ್:
ಅದೇ ಛಲೋ. ಅಲ್ಲೇ ಕೊಡ್ರಿ, ಅದೇ ರೆಸಿಪಿ ಅದೇ ಟೆಂಪರೇಚರ್ ಅಂತ ಹೇಳ್ರಿ, ಕುರ್ತಾದ್ದು ಒಂದು ತುಂಡು ಜೊತಿಗಿ ಕಳಸ್ರಿ. ವಾಪಸ್ ಬಂದಮ್ಯಾಲ ಟ್ಯೂಬ್‌ಲೈಟಿನಾಗ ನೋಡಿ ಹೂಂ ಅನಬ್ಯಾಡ್ರಿ, ಮುಂಜಾನಿ ಬಾಗಲದಾಗ ನಿಂತು ಬೆಳಕಿನಾಗ ನೋಡ್ರಿ. ಇಸ್ತ್ರಿ ಹೊಡದ ಕೂಡ್ಲೇನೂ ನೋಡಬ್ಯಾಡ್ರಿ, ಬಿಸಿ ಅರಿವಿ ಬಣ್ಣ ಬ್ಯಾರೆನೇ ಇರ್ತದ, ಪೂರಾ ಆರಲಿ.