‘ಮೇಲ್ ಬ್ಲಾಕ್ ಆಗಿದೆ’ ಅಂದರೆ ನಿಜಕ್ಕೂ ಏನಾಗಿದೆ? ಕೆಲವು ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಶಾಲೆಗಳು, ಸಹಕಾರ ಸಂಘಗಳು, ಹೊರನಾಡಿನ ಕನ್ನಡ ಸಂಘಗಳಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸಭೆಯ ನೋಟಿಸು, ಚಂದಾ ರಸೀದಿಯಂಥ ಸಾಚಾ ಮೇಲುಗಳು ಸದಸ್ಯರಿಗೆ ಯಾಕೆ ತಲುಪುವುದಿಲ್ಲ, ಅದಕ್ಕೆ ಏನು ಮಾಡಬೇಕು ಅನ್ನುವುದೇ ಅದರ ವಿಷಯ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲು ‘ಬ್ಲಾಕ್’. ಎಲ್ಲರ ಬಾಯಲ್ಲೂ ಇರುವ ಮಾತೇ. ತೊಂದರೆ ಏನೆಂದರೆ ಮೂರು ಬೇರೆ ಸಂಗತಿಗಳಿಗೆ ಇದೊಂದನ್ನೇ ಬಳಸುತ್ತೇವೆ. ಎದುರಿನ ಸರ್ವರ್ ಮೇಲನ್ನು ಬಾಗಿಲಲ್ಲೇ ನಿರಾಕರಿಸಬಹುದು. ಆಗ ಕಳಿಸಿದವರಿಗೆ 550 ಥರದ ಸಂಖ್ಯೆ ಇರುವ ಒಂದು ಸೂಚನೆ ಬರುತ್ತದೆ. ಅಥವಾ ಮೇಲ್ ಒಳಗೆ ಹೋಗಿ ಸ್ಪ್ಯಾಮ್ ಫೋಲ್ಡರಿನಲ್ಲಿ ಕೂರಬಹುದು. ಇಲ್ಲವೇ, ಆಫೀಸಿನ ವ್ಯವಸ್ಥೆ ಅದನ್ನು ಅಡ್ಮಿನ್ ನೋಡುವ ತನಕ ಬೇರೆ ಕಡೆ ಇಟ್ಟಿರಬಹುದು.

ಮೂರಕ್ಕೂ ಮದ್ದು ಬೇರೆ. ಮೊದಲನೆಯದರಲ್ಲಿ ಆ ಸಂಖ್ಯೆಯನ್ನೇ ಓದಬೇಕು. 4ರಿಂದ ಶುರುವಾದರೆ ತಾತ್ಕಾಲಿಕ ತಡೆ, ಸರ್ವರ್ ತಾನೇ ಮತ್ತೆ ಕಳಿಸಿ ನೋಡುತ್ತದೆ. 5ರಿಂದ ಶುರುವಾದರೆ ಕಾಯುವುದರಲ್ಲಿ ಅರ್ಥವಿಲ್ಲ, ಕಾರಣ ಹುಡುಕಿ ಸರಿಮಾಡಬೇಕು. ಎರಡನೆಯದರಲ್ಲಿ ಪಡೆದವರು ‘ಸ್ಪ್ಯಾಮ್ ಅಲ್ಲ’ ಒತ್ತಿ ವಿಳಾಸವನ್ನು ಸೇವ್ ಮಾಡಿಕೊಂಡರೆ ಆಗಲೇ ಅರ್ಧ ಕೆಲಸ ಆಯಿತು. ಮೂರನೆಯದರಲ್ಲಿ ‘ಸ್ಪ್ಯಾಮ್ ಫೋಲ್ಡರ್ ನೋಡಿ ಸರ್’ ಅಂತ ಎಷ್ಟು ಸಲ ಹೇಳಿದರೂ ಸಿಗುವುದಿಲ್ಲ. ಅಡ್ಮಿನ್ ಬಳಿಯೇ ಕೇಳಬೇಕು.

ಹಾಗಾಗಿ ‘ವಾಪಸ್ ಬಂದಿದೆ’, ‘ಸ್ಪ್ಯಾಮ್‌ಗೆ ಬಿದ್ದಿದೆ’, ‘ತಡೆಹಿಡಿದಿದ್ದಾರೆ’ ಅಂತ ಬೇರೆ ಬೇರೆಯಾಗಿ ಬರೆಯೋಣ ಅಂದುಕೊಂಡಿದ್ದೇನೆ. ಮೂರನೆಯದಕ್ಕೆ ‘ಕ್ವಾರಂಟೈನ್’ ಅನ್ನುವ ಪದ 2020ರಿಂದ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ರೋಗದ ಛಾಯೆ ಜಾಸ್ತಿ. ಫಲಿತಾಂಶ ತಡೆಹಿಡಿದಿದ್ದಾರೆ, ಸಂಬಳ ತಡೆಹಿಡಿದಿದ್ದಾರೆ ಅಂದಾಗ ‘ಕೇಳಿದರೆ ಬಿಡಬಹುದು’ ಅನ್ನುವ ಅರ್ಥವೂ ಬರುತ್ತದೆ, ಅಲ್ವಾ? ಇಲ್ಲೂ ಅದೇ ಬೇಕು.

ಇನ್ನು ‘ಬಟವಾಡೆ’. ಅಂಚೆಯ ಈ ಪದ ನನಗೆ ತುಂಬಾ ಇಷ್ಟ. ಆದರೆ ಕಳಿಸುವ ಸಾಫ್ಟ್‌ವೇರ್ ‘ಡೆಲಿವರ್ಡ್’ ಅಂತ ತೋರಿಸಿದರೆ, ಎದುರಿನ ಸರ್ವರ್ ಒಪ್ಪಿಕೊಂಡಿದೆ ಅಂತ ಅಷ್ಟೇ ಅರ್ಥ. ಮೇಲ್ ಸ್ಪ್ಯಾಮ್‌ನಲ್ಲೂ ಇರಬಹುದು. ಬಟವಾಡೆ ಅಂದರೆ ಕೈಗೆ ಕೊಟ್ಟ ಹಾಗೆ. ಆದ್ದರಿಂದ ಅಲ್ಲಿ ‘ಸರ್ವರ್ ಸ್ವೀಕರಿಸಿದೆ’ ಅಂತ ಬರೆದು, ಇನ್‌ಬಾಕ್ಸಿಗೆ ಬಂದದ್ದಕ್ಕೆ ಮಾತ್ರ ‘ಬಟವಾಡೆ’ ಅನ್ನಬಹುದೇ?

ಹೆಚ್ಚು ಕಷ್ಟ ಇರುವುದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರರಲ್ಲಿ. ಮೇಲ್ ನಿಜಕ್ಕೂ ಅದರಲ್ಲಿ ಹೆಸರಿರುವವರಿಂದಲೇ ಬಂದಿದೆಯೇ ಅಂತ ಎದುರಿನ ಸರ್ವರ್ ನೋಡುವುದು ಇವುಗಳ ಮೂಲಕ. ಸಾಚಾ ಮೇಲುಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇವು ಸರಿಯಿಲ್ಲದೆ. ಮೂರನ್ನೂ ಸೇರಿಸಿ ‘ದೃಢೀಕರಣ’ ಅಂದರೆ ಓದುಗರು ಒಟಿಪಿಯೋ ಪಾಸ್‌ವರ್ಡೋ ಅಂದುಕೊಳ್ಳುತ್ತಾರೆ.

ಎಸ್‌ಪಿಎಫ್ ಅಂದರೆ ನಮ್ಮ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ) ಹೆಸರಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಅದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನುಗಳ ವಿವರ ಎಲ್ಲರಿಗೂ ಸಿಗುವ ದಾಖಲೆಯಲ್ಲಿ, ಇರುತ್ತದೆ. ಸಂಘದವರು ಹೊಸ ನ್ಯೂಸ್‌ಲೆಟರ್ ಸೇವೆಗೆ ಸೇರುತ್ತಾರೆ, ಅದನ್ನು ಈ ಪಟ್ಟಿಗೆ ಸೇರಿಸಲು ಮರೆಯುತ್ತಾರೆ. ಅಥವಾ ಹಳೆಯದರ ಪಕ್ಕ ಇನ್ನೊಂದು ಪಟ್ಟಿ ಹಾಕಿಬಿಡುತ್ತಾರೆ. ಒಂದು ಡೊಮೈನಿಗೆ ಒಂದೇ ಪಟ್ಟಿ ಇರಬೇಕು, ಎರಡಿದ್ದರೆ ಎರಡೂ ಕೆಡುತ್ತವೆ. ಇದಕ್ಕೆ ‘ಕಳಿಸುವವರ ಪಟ್ಟಿ’ ಸಾಕು ಅನ್ನಿಸುತ್ತದೆ.

ಡಿಕಿಮ್ ಅಂದರೆ ಮೇಲ್ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸಲು ಕಳಿಸುವ ಸರ್ವರ್ ಹಾಕುವ ಗುರುತು. ಇದಕ್ಕೆ ‘ಡಿಜಿಟಲ್ ಸಹಿ’ ಬಳಕೆಯಲ್ಲಿದೆ. ನನ್ನ ಒಲವು ‘ಮೊಹರು’ ಕಡೆಗೆ. ದಾರಿಯಲ್ಲಿ ಯಾರಾದರೂ ಮೇಲ್‌ನ ಒಡಲಿಗೆ ಒಂದು ಸಾಲು ಸೇರಿಸಿದರೂ ಡಿಕಿಮ್ ಹೊಂದುವುದಿಲ್ಲ. ‘ಮೊಹರು ಒಡೆದಿದೆ’ ಅಂದರೆ ಅದು ಥಟ್ಟನೆ ಅರ್ಥವಾಗುತ್ತದೆ. ನಮ್ಮಂಥ ಮೇಲ್ ಗುಂಪುಗಳಲ್ಲಿ ಇದು ದಿನದ ಸಂಗತಿ. ವಿಷಯದ ಸಾಲಿಗೆ ಗುಂಪಿನ ಹೆಸರು, ಕೊನೆಗೆ ಅಡಿಟಿಪ್ಪಣಿ ಸೇರಿದರೆ ಸಾಕು, ಮೂಲ ಮೊಹರು ಒಡೆಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ ಬಿಗಿ ಮಾಡಿ, ಹೊಂದದ ಮೇಲುಗಳನ್ನು ನಿರಾಕರಿಸಿ ಅಂದಾಗ ಎಷ್ಟೋ ಗುಂಪುಗಳ ಓಲೆಗಳು ಹೀಗೆಯೇ ವಾಪಸ್ ಬಂದವು.

ಡಿಮಾರ್ಕ್ ಅಂದರೆ ಮೊದಲ ಎರಡು ಹೊಂದದಿದ್ದಾಗ ಏನು ಮಾಡಬೇಕು ಅಂತ ಡೊಮೈನ್ ಮಾಲೀಕರು ಹೇಳಿಟ್ಟ ಮಾತು. ಇದಕ್ಕೆ ನನ್ನ ಬಳಿ ಪದವೇ ಇಲ್ಲ. ಸಣ್ಣ ಸಂಘಗಳಿಗೆ ಇದೆಲ್ಲ ಯಾಕೆ ಅನ್ನಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ಉಳಿದವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು.

ಕೊನೆಯದು, ಸ್ಪ್ಯಾಮ್ ಎಂದು ತಪ್ಪಾಗಿ ಗುರುತಾದ ಸಾಚಾ ಮೇಲ್. ಇಂಗ್ಲಿಷಿನ ‘ಫಾಲ್ಸ್ ಪಾಸಿಟಿವ್’ ಅನ್ನು ‘ತಪ್ಪು ಧನಾತ್ಮಕ’ ಅಂತ ಬರೆದರೆ ಯಾರಿಗೂ ತಿಳಿಯದು. ತೂರುವಾಗ ಜೊಳ್ಳಿನ ಜೊತೆ ಹಾರಿಹೋಗುವ ಗಟ್ಟಿ ಕಾಳಿಗೆ ನಿಮ್ಮ ಕಡೆ ಬೇರೆ ಹೆಸರು ಇದೆಯೇ? ಉತ್ತರ ಕರ್ನಾಟಕ, ಮಲೆನಾಡು, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ. ಡಿಮಾರ್ಕ್‌ಗೂ ಒಂದು ಪದ ಹೊಳೆದರೆ ಹೇಳಿ.