ಆನ್‌ಲೈನ್ ಡಿಜಿಟಲ್ ಇಮೇಜಿಂಗ್ ಕೋರ್ಸ್: ಮೊದಲ ಅಸೈನ್‌ಮೆಂಟೇ ಎರಡು ಸಲ ವಾಪಸ್, ತಪ್ಪು ಎಲ್ಲಿ?

ಸಾಗರದ_ಟೀಚರ್ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಡಿಜಿಟಲ್ ಇಮೇಜಿಂಗ್ ಕೋರ್ಸ್‌ಗೆ ಸೇರಿದೆ. ಪಾಠದ ವಿಡಿಯೋಗಳು ಚೆನ್ನಾಗಿಯೇ ತಲೆಗೆ ಹತ್ತುತ್ತಿವೆ. ಆದರೆ ಮೊದಲ ಅಸೈನ್‌ಮೆಂಟ್ ಎರಡು ಸಲ ವಾಪಸ್ ಬಂದಿದೆ. ದಿನಾ ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಗೆರೆ ಎಳೆಯುವವಳಿಗೆ ಈಗ ಅದರ ರುಚಿ ಗೊತ್ತಾಗುತ್ತಿದೆ.

ಕೇಳಿದ್ದು ಇಷ್ಟು: ಕಿಟಕಿ ಬೆಳಕಿನಲ್ಲಿ ತೆಗೆದ 6 ಫೋಟೋ. ಜೆಪೆಗ್ ಫೈಲ್, ಉದ್ದನೆಯ ಬದಿ 2400 ಪಿಕ್ಸೆಲ್, ಎಸ್‌ಆರ್‌ಜಿಬಿ (ಸಾಮಾನ್ಯವಾಗಿ ಬಳಸುವ ಬಣ್ಣದ ಪ್ರೊಫೈಲ್), 300 ಡಿಪಿಐ, ಎಕ್ಸಿಫ್ ಮಾಹಿತಿ (ಯಾವ ಕ್ಯಾಮೆರಾ, ಯಾವಾಗ, ಯಾವ ಸೆಟ್ಟಿಂಗ್ ಅಂತ ಫೋಟೋ ಜೊತೆ ದಾಖಲಾಗುವ ವಿವರ) ಇರಬೇಕು.

ಅಲ್ಲಿನ ಮೇಡಂ ಬರೆದ ಟಿಪ್ಪಣಿ: ಚಿತ್ರ ಮಸುಕಾಗಿದೆ, ಅಂಚಿನಲ್ಲಿ ಚೌಕ ಚೌಕ ಕಾಣುತ್ತಿದೆ, ಎಕ್ಸಿಫ್ ಇಲ್ಲ, ಆರೂ ಫೋಟೋ ನೀಲಿಗೆ ತಿರುಗಿವೆ.

ನನ್ನ ಕಣ್ಣಿಗೆ ನೀಲಿ ಕಾಣುತ್ತಲೇ ಇಲ್ಲ! ಲ್ಯಾಪ್‌ಟಾಪಿನಲ್ಲಿ ಬೆಳ್ಳಿ ಲೋಟ ಬೆಳ್ಳಿಯ ಹಾಗೇ ಇದೆ. ಫೋನ್ 12 ಮೆಗಾಪಿಕ್ಸೆಲ್. ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್, ಅದರಲ್ಲಿ ಫೋಟೋ ಎಡಿಟ್ ಮಾಡುವ ಜಿಂಪ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಒಂದು ಕ್ಯಾಮೆರಾ ತಗೊಂಡುಬಿಡು ಅಂತ ಮನೆಯವರು ಹೇಳುತ್ತಿದ್ದಾರೆ. ತಗೊಳ್ಳಲೇಬೇಕಾ?

ಪಿಕ್ಸೆಲ್_ಪಾಪಣ್ಣ · ಸೋಮವಾರ, ರಾತ್ರಿ 10:58

ನಿಮ್ಮ ಫೈಲ್ 72 ಡಿಪಿಐ ಇರುತ್ತದೆ ಮೇಡಂ. ಅದಕ್ಕೇ ಮಸುಕು. ಜಿಂಪ್‌ನಲ್ಲಿ 300 ಅಂತ ಹಾಕಿ, ಶಾರ್ಪ್ ಆಗುತ್ತದೆ. ಆದರೂ ಫೋನ್ ಅಂದರೆ ಅಷ್ಟೇ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ನೋಡಿ.

ಕತ್ತಲೆಕೋಣೆ · ಮಂಗಳವಾರ, ಬೆಳಿಗ್ಗೆ 6:15

ಪಾಪಣ್ಣ, ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡ, ಆದರೆ ಇದನ್ನು ಹಾಗೇ ಬಿಟ್ಟರೆ ಇನ್ನೂ ನಾಲ್ಕು ಜನ ನಂಬುತ್ತಾರೆ. ಡಿಪಿಐ ಅನ್ನುವುದು ಫೈಲಿನೊಳಗೆ ಬರೆದಿಟ್ಟ ಒಂದು ಚೀಟಿ ಅಷ್ಟೇ. ಪ್ರಿಂಟ್ ಹಾಕುವಾಗ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಹಂಚಬೇಕು ಅಂತ ಆ ಚೀಟಿ ಹೇಳುತ್ತದೆ. 4000 × 3000 ಪಿಕ್ಸೆಲ್ ಫೋಟೋ 72ರ ಲೆಕ್ಕದಲ್ಲಿ 55 ಇಂಚು ಅಗಲ, 300ರ ಲೆಕ್ಕದಲ್ಲಿ 13 ಇಂಚು ಚಿಲ್ಲರೆ. ಪಿಕ್ಸೆಲ್ ಅವೇ, ಒಂದೂ ಹೆಚ್ಚಲಿಲ್ಲ, ಒಂದೂ ಕಮ್ಮಿಯಾಗಲಿಲ್ಲ. ಅವರು 300 ಕೇಳಿದ್ದಾರೆ, ಹಾಕಿಕೊಡಿ, ನಷ್ಟವಿಲ್ಲ. ಮಸುಕಿಗೂ ಅದಕ್ಕೂ ಸಂಬಂಧವಿಲ್ಲ.

ಟೀಚರ್ ಅವರೇ, ನಾನು ಇಪ್ಪತ್ತೆರಡು ವರ್ಷ ಸ್ಟುಡಿಯೋ ನಡೆಸಿದವನು. ಫೋಟೋ ಹಾಳಾಗುವುದು ತೆಗೆಯುವಾಗ ಕಮ್ಮಿ, ಆಮೇಲೆ ಜಾಸ್ತಿ. ರೀಲಿನ ಕಾಲದಲ್ಲೂ ಅಷ್ಟೇ. ಹಾಗಾಗಿ ಕ್ಯಾಮೆರಾ ವಿಷಯ ಆಮೇಲೆ. ಮೊದಲು ಮೂರು ಪ್ರಶ್ನೆ.

ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೋ ಹೇಗೆ ಬಂತು?

ಲ್ಯಾಪ್‌ಟಾಪಿಗೆ ಬಂದ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎಷ್ಟು ಪಿಕ್ಸೆಲ್, ಎಷ್ಟು ಕೆಬಿ?

ನೀವು ಅಪ್‌ಲೋಡ್ ಮಾಡಿದ ಫೈಲನ್ನೇ ಫೋನಿನಲ್ಲಿ ತೆರೆದು ನೋಡಿ. ಲೋಟ ಯಾವ ಬಣ್ಣ?

ಸಾಗರದ_ಟೀಚರ್ · ಮಂಗಳವಾರ, ರಾತ್ರಿ 9:20

ಸರ್, ಸ್ಕೂಲಿನಿಂದ ಬಂದು ಈಗಷ್ಟೇ ನೋಡಿದೆ.

ಫೋಟೋಗಳನ್ನು ಮೆಸೇಜ್ ಆ್ಯಪ್‌ನಲ್ಲಿ ನನಗೇ ಕಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡೆ. ಎಲ್ಲರೂ ಮಾಡುವುದು ಹಾಗೇ ಅಲ್ವಾ?

ಇಳಿದ ಫೈಲ್ 1600 × 1200, 240 ಕೆಬಿ. ಫೋನಿನಲ್ಲಿರುವ ಅದೇ ಫೋಟೋ 4000 × 3000, 4 ಎಂಬಿ! ಅವರು 2400 ಕೇಳಿದ್ದರಲ್ಲ, ಅದಕ್ಕೆ ನಾನೇ ಜಿಂಪ್‌ನಲ್ಲಿ ಹಿಗ್ಗಿಸಿದ್ದೆ.

ಮೂರನೆಯದಕ್ಕೆ ಏನು ಹೇಳಲಿ. ಫೋನಿನಲ್ಲಿ ನೋಡಿದರೆ ಲೋಟ ನೀಲಿ. ಗೋಡೆ ನೀಲಿ. ನಮ್ಮ ಬೆಕ್ಕೂ ನೀಲಿ.

ಕತ್ತಲೆಕೋಣೆ · ಮಂಗಳವಾರ, ರಾತ್ರಿ 9:41

ಸಿಕ್ಕಿತು ನೋಡಿ.

ಮೆಸೇಜ್ ಆ್ಯಪ್‌ಗಳು ಡೇಟಾ ಉಳಿಸಲು ಫೋಟೋವನ್ನು ಕುಗ್ಗಿಸಿ, ಮತ್ತೆ ಜೆಪೆಗ್ ಮಾಡಿ ಕಳಿಸುತ್ತವೆ. ಆ ಗಡಿಬಿಡಿಯಲ್ಲಿ ಎಕ್ಸಿಫ್ ಕೂಡ ಉದುರಿಹೋಗುತ್ತದೆ. ಎಚ್‌ಡಿ ಅಂತ ಒತ್ತಿದರೂ ಮೂಲ ಫೈಲ್ ಬರುವುದಿಲ್ಲ. ಇನ್ನು ಆ ಚೌಕ ಚೌಕ ಎಲ್ಲಿಂದ ಬಂತು ಅಂದರೆ, ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡು ಮಾಡಿ ಒಂದೊಂದನ್ನೂ ಬೇರೆ ಬೇರೆ ಹಿಂಡುತ್ತದೆ. ಜಾಸ್ತಿ ಹಿಂಡಿದರೆ ತುಂಡುಗಳ ಅಂಚು ಎದ್ದು ಕಾಣುತ್ತದೆ. ನೀವು 1600 ಇದ್ದದ್ದನ್ನು 2400 ಮಾಡಿದಾಗ ಪ್ರತಿ ಚೌಕವೂ 12 ಪಿಕ್ಸೆಲ್ ಆಯಿತು. ಮೇಡಂ ಕಣ್ಣಿಗೆ ಬೀಳದೇ ಇರುತ್ತದಾ?

ನೀಲಿ ವಿಷಯಕ್ಕೆ ಇನ್ನೊಂದು ಪ್ರಶ್ನೆ. ನೀವು ಎಡಿಟ್ ಮಾಡುವುದು ರಾತ್ರಿ ಹೊತ್ತಾ? ಲ್ಯಾಪ್‌ಟಾಪಿನಲ್ಲಿ ನೈಟ್ ಲೈಟ್ ಆನ್ ಇದೆಯಾ ನೋಡಿ.

ಸಾಗರದ_ಟೀಚರ್ · ಮಂಗಳವಾರ, ರಾತ್ರಿ 9:50

ಇದೆ!! ಪೇಪರ್ ತಿದ್ದುವಾಗ ಕಣ್ಣು ಉರಿಯುತ್ತದೆ ಅಂತ ಯಾವತ್ತೋ ಹಾಕಿದ್ದೆ. ಸಂಜೆಯಿಂದ ಬೆಳಗಿನವರೆಗೆ ತಾನೇ ಆನ್ ಆಗುತ್ತದೆ. ನನಗೆ ಕೂರಲು ಸಮಯ ಸಿಗುವುದೇ ಪಾತ್ರೆ ತೊಳೆದ ಮೇಲೆ.

ಕತ್ತಲೆಕೋಣೆ · ಮಂಗಳವಾರ, ರಾತ್ರಿ 10:02

ಅಷ್ಟೇ ಸಮಾಚಾರ. ಸ್ಕ್ರೀನ್ ಹಳದಿಯಾಗಿತ್ತು. ಲೋಟ ಹಳದಿ ಕಂಡಿತು. ನೀವು ಅದನ್ನು ಸರಿ ಮಾಡಲು ನೀಲಿ ಸುರಿದಿರಿ. ನಿಮ್ಮ ಕಣ್ಣಿನದು ತಪ್ಪಲ್ಲ, ಕೈಯದೂ ಅಲ್ಲ. ಎಡಿಟ್‌ಗೆ ಕೂರುವ ಮೊದಲು ನೈಟ್ ಲೈಟ್ ಆಫ್ ಮಾಡಿ. ಬ್ರೈಟ್‌ನೆಸ್ ತಾನಾಗಿ ಏರಿಳಿಯುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ. ರೂಮಿನಲ್ಲಿ ಹಳದಿ ಬಲ್ಬ್ ಇದ್ದರೆ ಬಿಳಿ ಲೈಟ್ ಹಾಕಿಕೊಳ್ಳಿ.

ಹಿಂದೆ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬಿನ ಕೆಳಗೆ ಪ್ರಿಂಟ್ ನೋಡಿ ಸರಿ ಇದೆ ಅಂದುಕೊಂಡು, ಹೊರಗೆ ತಂದು ಹಣೆ ಬಡಿದುಕೊಂಡದ್ದು ನನಗೂ ಲೆಕ್ಕವಿಲ್ಲದಷ್ಟು ಸಲ ಆಗಿದೆ. ಅದು ಕಪ್ಪು ಬಿಳುಪು, ಇದು ಬಣ್ಣ. ಕಥೆ ಒಂದೇ.

ಬೈಟ್_ಭಟ್ಟ · ಬುಧವಾರ, ಮಧ್ಯಾಹ್ನ 1:10

ಮೂಲ ಫೈಲ್ ತರಲು ಯುಎಸ್‌ಬಿ ಕೇಬಲ್ ಸಾಕು ಮೇಡಂ. ಫೋನ್ ಸಿಕ್ಕಿಸಿದ ಮೇಲೆ ಮೇಲಿನಿಂದ ಎಳೆದು ನೋಟಿಫಿಕೇಶನ್‌ನಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ಆಗ ಡಿಸಿಐಎಂ ಅನ್ನುವ ಫೋಲ್ಡರಿನಲ್ಲಿ ಎಲ್ಲ ಇರುತ್ತದೆ. ಆ್ಯಪ್‌ನಲ್ಲೇ ಕಳಿಸಬೇಕು ಅಂದರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಸೇರಿಸಿ ಕಳಿಸಿ. ಇದ್ದ ಹಾಗೇ ಬರುತ್ತದೆ.

ಸಾಗರದ_ಟೀಚರ್ · ಬುಧವಾರ, ರಾತ್ರಿ 9:35

ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗುತ್ತದೆ, ಅಷ್ಟೇ. ನೋಟಿಫಿಕೇಶನ್ ಬರುವುದೇ ಇಲ್ಲ. ಮೊದಲ ದಿನವೂ ಹೀಗೇ ಆಗಿತ್ತು. ಅದಕ್ಕೇ ಬೇಸತ್ತು ಆ್ಯಪ್‌ನಲ್ಲಿ ಕಳಿಸಿಕೊಂಡದ್ದು. ಬಸ್ ಸ್ಟ್ಯಾಂಡ್ ಹತ್ತಿರ ತಗೊಂಡ ಕೇಬಲ್.

ಬೈಟ್_ಭಟ್ಟ · ಬುಧವಾರ, ರಾತ್ರಿ 9:44

ಹಾಗಾದರೆ ಎಲ್ಲದಕ್ಕೂ ಮೂಲ ಆ ಕೇಬಲ್! ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿಗೆ ಬೇರೆ ತಂತಿ, ಡೇಟಾಕ್ಕೆ ಬೇರೆ ತಂತಿ. ಅಗ್ಗದ ಕೆಲವದರಲ್ಲಿ ಡೇಟಾ ತಂತಿ ಹಾಕಿರುವುದೇ ಇಲ್ಲ. ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ ಹುಡುಕಿ. ಅಂಗಡಿಯಲ್ಲಿ ಕೊಳ್ಳುವುದಾದರೆ 'ಡೇಟಾ ಕೇಬಲ್' ಅಂತಲೇ ಕೇಳಿ, ಅಲ್ಲೇ ಸಿಕ್ಕಿಸಿ ನೋಡಿ.

ಫೋಟೋ ಬಂದ ಮೇಲೆ ಜಿಂಪ್ ಕೆಲಸ ಹೀಗೆ. ಇಮೇಜ್ ಮೆನುವಿನಲ್ಲಿ 'ಸ್ಕೇಲ್ ಇಮೇಜ್', ಅಗಲ 2400. ಅಲ್ಲೇ ರೆಸಲ್ಯೂಶನ್ 300 ಹಾಕಿ, ಪಾಪಣ್ಣನಿಗೂ ಸಮಾಧಾನ. ನಿಮ್ಮ ಕೆಲಸವನ್ನು 'ಸೇವ್' ಮಾಡಿದರೆ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ. ಅದು ನಿಮಗೆ ಇಟ್ಟುಕೊಳ್ಳಲು, ಕಳಿಸಲು ಅಲ್ಲ. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್ ಆ್ಯಸ್'. ಆಗ ಬರುವ ಕಿಟಕಿಯಲ್ಲಿ ಕ್ವಾಲಿಟಿ 90ರ ಮೇಲಿರಲಿ, ಎಕ್ಸಿಫ್ ಉಳಿಸುವ ಚೌಕದಲ್ಲಿ ಟಿಕ್ ಇರಲಿ.

ಕೆಲವು ಫೋನ್‌ಗಳು ಡಿಸ್‌ಪ್ಲೇ ಪಿ3 ಅನ್ನುವ ಬಣ್ಣದ ಪ್ರೊಫೈಲಿನಲ್ಲಿ ತೆಗೆಯುತ್ತವೆ. ನಿಮ್ಮ ಕೋರ್ಸ್‌ಗೆ ಬೇಕಾದದ್ದು ಎಸ್‌ಆರ್‌ಜಿಬಿ. ಹಾಗಾಗಿ ಜಿಂಪ್ ತೆರೆಯುವಾಗ ಪ್ರೊಫೈಲ್ ಬಗ್ಗೆ ಕೇಳಿದರೆ 'ಕನ್ವರ್ಟ್' ಒತ್ತಿ. ನಂತರ ಮಾಡುವುದಾದರೆ ಮೆನುವಿನಲ್ಲಿ 'ಅಸೈನ್' ಅಂತಲೂ ಒಂದು ಇದೆ, ಅದನ್ನು ಮುಟ್ಟಬೇಡಿ. ಕನ್ವರ್ಟ್ ಮಾಡಿದರೆ ಕಾಣುವ ಬಣ್ಣ ಹಾಗೇ ಉಳಿದು, ಫೈಲಿನಲ್ಲಿ ಆ ಬಣ್ಣಕ್ಕೆ ಬರೆದಿಟ್ಟ ಅಂಕಿ ಬದಲಾಗುತ್ತದೆ. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿದು ಬಣ್ಣ ಬದಲಾಗುತ್ತದೆ.

4 ಜಿಬಿ ರ‍್ಯಾಮ್ ಬಗ್ಗೆ: ಬ್ರೌಸರ್ ಮುಚ್ಚಿ ಕೆಲಸ ಮಾಡಿ. ಸದ್ಯಕ್ಕೆ ನಡೆಯುತ್ತದೆ.

ಸಾಗರದ_ಟೀಚರ್ · ಶನಿವಾರ, ಸಂಜೆ 5:30

ಹಳೆಯ ಡಬ್ಬಿ ಅಟ್ಟದ ಮೇಲಿತ್ತು, ಕೇಬಲ್ ಅದರಲ್ಲೇ ಇತ್ತು. ಸಿಕ್ಕಿಸಿದ ತಕ್ಷಣ ಫೋಲ್ಡರ್ ತೆರೆಯಿತು. ಐದು ಫೋಟೋ ಹಗಲು ಹೊತ್ತಿನಲ್ಲೇ ಕೂತು ಮತ್ತೆ ಮಾಡಿದೆ. ಬಣ್ಣ ಮುಟ್ಟುವ ಅಗತ್ಯವೇ ಬರಲಿಲ್ಲ. ಆರನೆಯದನ್ನು ಫೋನಿನಲ್ಲಿ ಜಾಗ ಇಲ್ಲ ಅಂತ ಅಳಿಸಿಬಿಟ್ಟಿದ್ದೆ, ಇವತ್ತು ಹೊಸದಾಗಿ ತೆಗೆದೆ. ಇಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ನೈಟ್ ಲೈಟ್ ಆಫ್ ಇದೆ, ಫೋನಿನಲ್ಲೂ ನೋಡಿದೆ, ಆದರೂ ಇದೊಂದು ಸ್ವಲ್ಪ ನೀಲಿ. ಈಗ ಏನು ತಪ್ಪು ಸರ್?

ಕತ್ತಲೆಕೋಣೆ · ಶನಿವಾರ, ಸಂಜೆ 6:05

ಏನೂ ತಪ್ಪಿಲ್ಲ. ಮೋಡದ ಬೆಳಕೇ ಬಿಸಿಲಿಗಿಂತ ನೀಲಿ. ಇದು ನಿಜವಾಗಿ ಅಲ್ಲಿದ್ದ ಬಣ್ಣ. ತೀರಾ ಕಣ್ಣಿಗೆ ಹೊಡೆದರೆ ವೈಟ್ ಬ್ಯಾಲೆನ್ಸ್ ಒಂದು ಚೂರು ಬೆಚ್ಚಗೆ, ಅಂದರೆ ಹಳದಿ ಕಡೆಗೆ, ಮಾಡಿ. ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ. ಅಸೈನ್‌ಮೆಂಟ್ ಕಿಟಕಿ ಬೆಳಕಿನದು ತಾನೇ?

ಇನ್ನು ಮುಂದೆ ಮೂಲ ಫೈಲ್ ಅಳಿಸುವ ಮೊದಲು ಎರಡು ಕಡೆ ಇಟ್ಟುಕೊಳ್ಳಿ. ನೆಗೆಟಿವ್ ಯಾರಾದರೂ ಕಸಕ್ಕೆ ಹಾಕುತ್ತಾರಾ?

ಸಾಗರದ_ಟೀಚರ್ · ಮಂಗಳವಾರ, ರಾತ್ರಿ 8:15

ಪಾಸ್! ಮಳೆಯ ಫೋಟೋ ಹಾಗೇ ಬಿಟ್ಟಿದ್ದೆ. ಮೇಡಂ ಅದರ ಕೆಳಗೇ 'ಚೆನ್ನಾಗಿದೆ' ಅಂತ ಬರೆದಿದ್ದಾರೆ. ಕ್ಯಾಮೆರಾ ವಿಷಯ ಮನೆಯಲ್ಲಿ ಸದ್ಯಕ್ಕೆ ಮುಚ್ಚಿದೆ. ಮುಂದಿನ ಅಸೈನ್‌ಮೆಂಟಿಗೆ ರಾ ಫೈಲ್, ಅಂದರೆ ಜೆಪೆಗ್ ಮಾಡುವ ಮೊದಲಿನ ಕಚ್ಚಾ ಫೈಲ್, ಬೇಕಂತೆ. ಫೋನಿನ ಪ್ರೊ ಮೋಡ್‌ನಲ್ಲಿ ಡಿಎನ್‌ಜಿ ಅನ್ನುವ ರಾ ಫೈಲ್ ಬರುತ್ತದೆ, ಆದರೆ ಜಿಂಪ್ ತೆರೆಯುತ್ತಿಲ್ಲ.

ಬೈಟ್_ಭಟ್ಟ · ಮಂಗಳವಾರ, ರಾತ್ರಿ 8:32

ಜಿಂಪ್ ಒಂದಕ್ಕೇ ರಾ ಫೈಲ್ ತೆರೆಯಲು ಬರುವುದಿಲ್ಲ. ರಾಥೆರಪಿ ಅಥವಾ ಡಾರ್ಕ್‌ಟೇಬಲ್ ಹಾಕಿಕೊಳ್ಳಿ, ಎರಡೂ ಉಚಿತ. ತೆರೆದಾಗ ಚಿತ್ರ ಸಪ್ಪೆ ಕಾಣುತ್ತದೆ, ಗಾಬರಿ ಬೇಡ. ಫೋನ್ ತಾನೇ ಹಾಕುವ ಮಸಾಲೆ ಅದರಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಪಿಪಿ3 ಅಥವಾ ಎಕ್ಸ್‌ಎಂಪಿ ಅಂತ ಸಣ್ಣ ಫೈಲ್ ಹುಟ್ಟುತ್ತದೆ. ನೀವು ಮಾಡಿದ ತಿದ್ದುಪಡಿ ಅದರಲ್ಲಿರುತ್ತದೆ, ಕಸ ಅಂತ ಅಳಿಸಬೇಡಿ. ಉಳಿದದ್ದಕ್ಕೆ ಹೊಸ ಚರ್ಚೆ ಶುರು ಮಾಡಿ.

ಪಿಕ್ಸೆಲ್_ಪಾಪಣ್ಣ · ಮಂಗಳವಾರ, ರಾತ್ರಿ 8:50

ಡಿಪಿಐ ವಿಷಯ ಒಪ್ಪಿಕೊಂಡೆ ಸರ್. ಒಂದು ಡೌಟು: ನನ್ನ ಕೇಬಲ್ಲಲ್ಲೂ ಬರೀ ಚಾರ್ಜ್ ಆಗುತ್ತದೆ.